ಗಟ್ಟಿ ಮೈಗೂ ಲಕ್ವ: ಅಭಿಮಾನಿಗಳೇನು ಮಾಡಬಲ್ಲರು?

ಪ್ರಶ್ನೆ: ನಮ್ಮೂರಿನ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಅಮೆರಿಕದಲ್ಲಿ ಐಸ್ ಹಾಕಿ ಆಡುವ ಒಬ್ಬರಿಗೆ ಇಪ್ಪತ್ತಾರನೇ ವಯಸ್ಸಿಗೇ ಸ್ಟ್ರೋಕ್ ಆಗಿತ್ತು, ಆಮೇಲೆ ಅವರು ಮತ್ತೆ ಕಣಕ್ಕಿಳಿದರು ಎಂದು ಮಗ ಹೇಳಿದ. ದಿನಾ ಮೈ ದಂಡಿಸುವವರಿಗೆ ಲಕ್ವ ಹೊಡೆಯುವುದು ಹೇಗೆ? ಅಭಿಮಾನಿಗಳ ಬೆಂಬಲದಿಂದಲೇ ಗುಣವಾದರು ಎನ್ನುತ್ತಾರಲ್ಲ, ಅದರಲ್ಲಿ ನಿಜವೆಷ್ಟು?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮಗ ಹೇಳಿದ್ದು ಕ್ರಿಸ್ ಲೆಟ್ಯಾಂಗ್ ಅವರ ವಿಷಯವೇ ಇರಬೇಕು. ಮೊದಲು ನಿಮ್ಮ ಎರಡೂ ಪ್ರಶ್ನೆಗಳಿಗೆ ಚಿಕ್ಕದಾಗಿ ಉತ್ತರ ಹೇಳಿಬಿಡುತ್ತೇನೆ. ಮೈ ದಂಡಿಸಿ ಗಳಿಸಿದ ಕಸುವು ಸ್ಟ್ರೋಕ್‌ಗೆ ಕಾರಣವಾಗುವ ಹಲವು ಸಂಗತಿಗಳನ್ನು ದೂರ ಇಡುತ್ತದೆ; ಎಲ್ಲವನ್ನೂ ಅಲ್ಲ. ಹುಟ್ಟಿನಿಂದ ಬಂದ ಹೃದಯದ ರಂಧ್ರ, ಕುತ್ತಿಗೆಯ ರಕ್ತನಾಳಕ್ಕೆ ಬಿದ್ದ ಪೆಟ್ಟು, ಆಟದ ಭಂಗಿಯಿಂದಲೇ ನಜ್ಜುವ ನಾಳ ಇವೆಲ್ಲ ಎಂಥ ಜಟ್ಟಿಯನ್ನೂ ನೆಲಕ್ಕೆ ಕೆಡವಬಲ್ಲವು. ಇನ್ನು ಹಾರೈಕೆಯ ವಿಷಯ. ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪನ್ನು ಯಾರ ಹಾರೈಕೆಯೂ ಕರಗಿಸುವುದಿಲ್ಲ, ಅದು ಆಸ್ಪತ್ರೆಯ ಕೆಲಸ. ಆದರೆ ಆಸ್ಪತ್ರೆ ಸೇರುವ ಮೊದಲು ಮತ್ತು ಅಲ್ಲಿಂದ ಮನೆಗೆ ಬಂದ ಮೇಲೆ ಸುತ್ತಲಿನ ಜನ ನಡೆದುಕೊಳ್ಳುವ ರೀತಿಯಿಂದ ಆ ಮನುಷ್ಯನ ಬದುಕೇ ಬದಲಾಗಬಹುದು. ಚಪ್ಪಾಳೆ ತಟ್ಟುವುದು ಬೆಂಬಲದ ಒಂದು ಸಣ್ಣ ಭಾಗ ಅಷ್ಟೇ. ‘ಮೈಯಲ್ಲಿ ಏನೋ ಸರಿಯಿಲ್ಲ’ ಎಂದು ಆಟಗಾರ ಹೇಳಿದಾಗ ಆ ಮಾತನ್ನು ನಂಬುವುದು, ಮತ್ತೆಂದೂ ಆತ ಆಡದೆ ಹೋದರೂ ಕೈಬಿಡದಿರುವುದು, ಇವೆರಡೂ ಅದಕ್ಕಿಂತ ದೊಡ್ಡವು. ಇದನ್ನು ಮೂವರು ಆಟಗಾರರ ಬದುಕಿನಿಂದಲೇ ವಿವರಿಸುತ್ತೇನೆ.

26ರ ಹರೆಯದಲ್ಲಿ

ಲೆಟ್ಯಾಂಗ್ ಕೆನಡಾದ ಮಾಂಟ್ರಿಯಲ್‌ನಲ್ಲಿ 1987ರಲ್ಲಿ ಹುಟ್ಟಿದವರು. ಅಮೆರಿಕದ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ರಕ್ಷಣಾ ಆಟಗಾರ. ಐಸ್ ಹಾಕಿಯಲ್ಲಿ ಎಲ್ಲರೂ ಕನಸು ಕಾಣುವ ಸ್ಟ್ಯಾನ್ಲಿ ಕಪ್ ಅನ್ನು 2009ರಲ್ಲೇ ಗೆದ್ದ ತಂಡದಲ್ಲಿದ್ದರು. ಪಂದ್ಯದಲ್ಲಿ ಹೆಚ್ಚು ಹೊತ್ತು ಮಂಜುಗಡ್ಡೆಯ ಮೇಲೆ ಇರುವವರಲ್ಲಿ ಅವರ ಹೆಸರು ಸದಾ ಮುಂದಿರುತ್ತಿತ್ತು.

2014ರ ಜನವರಿ ಕೊನೆಯ ಒಂದು ಬೆಳಗ್ಗೆ ಮನೆಯಲ್ಲೇ ತಲೆ ಸುತ್ತಿ ಬಿದ್ದರು. ವಾಕರಿಕೆ, ನಿಲ್ಲಲಾಗದ ಓಲಾಟ. ಇಪ್ಪತ್ತಾರರ ಹುಡುಗನಿಗೆ ಇದು ಲಕ್ವ ಇರಬಹುದೆಂದು ಯಾರಿಗೆ ತಾನೇ ಹೊಳೆಯುತ್ತದೆ? ಅವರು ತಂಡದ ಜೊತೆ ಪರ ಊರಿನ ಪಂದ್ಯಗಳಿಗೂ ಹೊರಟರು. ತಲೆಸುತ್ತು ಬಿಡದಿದ್ದಾಗ ಪರೀಕ್ಷೆಗಳಾದವು, ಆಗ ಸ್ಟ್ರೋಕ್ ಎಂಬುದು ತಿಳಿಯಿತು. ಹೃದಯದ ಗೋಡೆಯಲ್ಲಿ ಹುಟ್ಟಿನಿಂದಲೂ ಮುಚ್ಚದೆ ಉಳಿದ ಸಣ್ಣ ರಂಧ್ರವೊಂದು ಇರುವುದೂ ಕಂಡಿತು.

ಫೆಬ್ರವರಿ 7ರಂದು ತಂಡ ಈ ಸುದ್ದಿಯನ್ನು ಹೊರಗೆ ಹೇಳಿತು. ಆಟಗಾರರ ಕಾಯಿಲೆಗಳನ್ನು ‘ಮೇಲ್ಭಾಗದ ಗಾಯ’, ‘ಕೆಳಭಾಗದ ಗಾಯ’ ಎಂದು ಮರೆಮಾಚಿ ಹೇಳುವುದೇ ಆ ಆಟದ ರೂಢಿ. ಎದುರಾಳಿಗೆ ದುರ್ಬಲ ಜಾಗ ತಿಳಿಯಬಾರದೆಂಬುದು ಅದರ ಹಿಂದಿನ ಲೆಕ್ಕ. ಲೆಟ್ಯಾಂಗ್ ಆ ರೂಢಿ ಮುರಿದರು. ಇಂಥ ಲಕ್ಷಣ ಕಂಡ ಬೇರೆಯವರು ತಡಮಾಡದೆ ವೈದ್ಯರ ಬಳಿ ಹೋಗಲಿ ಎಂಬ ಕಾರಣಕ್ಕೆ ವಿಷಯ ಎಲ್ಲರಿಗೂ ತಿಳಿಯಲೆಂದು ಸ್ವತಃ ಅವರೇ ಬಯಸಿದರು ಎಂದು ತಂಡದ ಅಂದಿನ ವ್ಯವಸ್ಥಾಪಕ ರೇ ಶೆರೊ ತಿಳಿಸಿದರು. ಅಭಿಮಾನಿಗಳು ಆಟಗಾರನಿಗೆ ಕೊಡುವುದರ ಬಗ್ಗೆ ನಾವು ಸದಾ ಮಾತಾಡುತ್ತೇವೆ. ಇಲ್ಲಿ ಮೊದಲು ಕೊಟ್ಟವರು ಆಟಗಾರ.

ಗಟ್ಟಿ ಮೈಯಲ್ಲಿ ರಂಧ್ರ ಹೇಗೆ?

ತಾಯಿಯ ಗರ್ಭದಲ್ಲಿರುವ ಮಗುವಿನ ಶ್ವಾಸಕೋಶ ಉಸಿರಾಟದ ಕೆಲಸ ಶುರು ಮಾಡಿರುವುದಿಲ್ಲ. ಆಮ್ಲಜನಕ ತಾಯಿಯಿಂದಲೇ ಬರುತ್ತದೆ. ಹಾಗಾಗಿ ರಕ್ತ ಶ್ವಾಸಕೋಶ ಸುತ್ತಿ ಬರುವ ಅಗತ್ಯವಿಲ್ಲದೆ, ಹೃದಯದ ಬಲ ಮೇಲ್ಕೋಣೆಯಿಂದ ನೇರವಾಗಿ ಎಡ ಮೇಲ್ಕೋಣೆಗೆ ಹೋಗಲು ನಡುಗೋಡೆಯಲ್ಲಿ ಒಂದು ದಾರಿ ಇರುತ್ತದೆ. ಅದು ಒಂದೇ ಕಡೆಗೆ ತೆರೆಯುವ ಬಾಗಿಲಿನಂಥದು. ಮಗು ಹುಟ್ಟಿ ಮೊದಲ ಉಸಿರೆಳೆದುಕೊಂಡಾಗ ಎಡಗಡೆಯ ಒತ್ತಡ ಹೆಚ್ಚಿ ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ತಿಂಗಳುಗಳು ಕಳೆದಂತೆ ಗೋಡೆಗೆ ಬೆಸೆದುಕೊಂಡುಬಿಡುತ್ತದೆ. ಆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಬೆಸೆಯುವುದಿಲ್ಲ. ವೈದ್ಯರು ಇದನ್ನು ಪೇಟೆಂಟ್ ಫೊರಾಮೆನ್ ಓವಾಲೆ, ಚಿಕ್ಕದಾಗಿ ಪಿಎಫ್‌ಒ ಎನ್ನುತ್ತಾರೆ.

ನಾಲ್ವರಲ್ಲಿ ಒಬ್ಬರು ಎಂಬುದನ್ನು ಕೇಳಿ ಗಾಬರಿಯಾಗಬೇಡಿ. ಇದು ಇರುವ ಬಹುಪಾಲು ಜನರಿಗೆ ಜೀವಮಾನವಿಡೀ ಏನೂ ಆಗುವುದಿಲ್ಲ, ಇದೆಯೆಂದು ಗೊತ್ತೂ ಆಗುವುದಿಲ್ಲ. ಕಾಲಿನ ಅಭಿಧಮನಿಯಲ್ಲೋ ಬೇರೆಲ್ಲೋ ಹುಟ್ಟಿದ ಪುಟ್ಟ ಹೆಪ್ಪು ಸಾಮಾನ್ಯವಾಗಿ ಹೃದಯದ ಬಲಗಡೆಗೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ತೀರ ಸಣ್ಣದಾದರೆ ಅಲ್ಲೇ ಕರಗಿಹೋಗುತ್ತದೆ. ಪಿಎಫ್‌ಒ ಇದ್ದವರಲ್ಲಿ ಅದೇ ಹೆಪ್ಪು ಅಪರೂಪಕ್ಕೆ ಆ ಸಂದಿನಲ್ಲಿ ನುಸುಳಿ ಎಡಗಡೆಗೆ ದಾಟಿಬಿಡುತ್ತದೆ. ಎಡಗಡೆಯಿಂದ ಹೊರಡುವ ರಕ್ತ ಮಿದುಳಿಗೂ ಹೋಗುತ್ತದೆ. ಕೆಮ್ಮಿದಾಗ, ಮುಕ್ಕಿದಾಗ, ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಬಲಗಡೆಯ ಒತ್ತಡ ಕ್ಷಣಕಾಲ ಏರಿ ಆ ಸಂದು ತೆರೆದುಕೊಳ್ಳಲು ಅನುಕೂಲವಾಗುತ್ತದೆ. ತೋಳ್ಬಲ, ಕಾಲ್ಬಲ, ಉಸಿರಿನ ದಮ್ಮು ಯಾವುದಕ್ಕೂ ಈ ದಾರಿಯನ್ನು ಮುಚ್ಚುವ ಶಕ್ತಿಯಿಲ್ಲ.

ಹರೆಯದವರ ಸ್ಟ್ರೋಕ್‌ಗೆ ಇನ್ನೊಂದು ಮುಖ್ಯ ಕಾರಣ ಕುತ್ತಿಗೆಯಲ್ಲಿದೆ. ಮಿದುಳಿಗೆ ರಕ್ತ ಒಯ್ಯುವ ನಾಲ್ಕು ದೊಡ್ಡ ನಾಳಗಳು ಕುತ್ತಿಗೆಯ ಮೂಲಕ ಏರುತ್ತವೆ. ಕುತ್ತಿಗೆ ಜೋರಾಗಿ ತಿರುಚಿದರೆ ಅಥವಾ ಪೆಟ್ಟು ಬಿದ್ದರೆ ನಾಳದ ಒಳಪದರ ಹರಿಯಬಹುದು. ಹರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ, ಗಂಟೆಗಳ ಅಥವಾ ದಿನಗಳ ಬಳಿಕ ತುಣುಕೊಂದು ಕಿತ್ತು ಮೇಲೇರಬಹುದು. ಕಬಡ್ಡಿ, ಕುಸ್ತಿ, ರಗ್ಬಿಯಂಥ ಆಟಗಳನ್ನು ಹೇಳಿಕೊಡುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಕುತ್ತಿಗೆಗೆ ಪೆಟ್ಟಾದ ಹುಡುಗ ಎರಡು ದಿನ ಬಿಟ್ಟು ‘ಕತ್ತಿನ ಒಂದು ಪಕ್ಕ ವಿಪರೀತ ನೋವು, ಕಣ್ಣು ಮಂಜಾಗ್ತಿದೆ’ ಎಂದರೆ ಎಣ್ಣೆ ಹಚ್ಚಿ ನೀವಿಸಲು ಕಳುಹಿಸಬಾರದು. ಇವುಗಳ ಜೊತೆಗೆ ರಕ್ತ ಬೇಗ ಹೆಪ್ಪುಗಟ್ಟುವ ವಂಶವಾಹಿ ದೋಷ, ಹೃದಯದ ಬಡಿತದ ಏರುಪೇರು, ಮಿದುಳಿನ ನಾಳದ ಉಬ್ಬು ಒಡೆದು ಆಗುವ ರಕ್ತಸ್ರಾವ, ಮೈ ಬೆಳೆಸಲೆಂದು ತೆಗೆದುಕೊಳ್ಳುವ ಸ್ಟೀರಾಯ್ಡ್‌ಗಳು ಇವೂ ಕಾರಣಗಳಾಗುತ್ತವೆ. ಬೀಡಿ, ಸಿಗರೇಟು, ಗುಟ್ಕಾ, ಪರೀಕ್ಷಿಸಿಕೊಳ್ಳದೆ ಬಿಟ್ಟ ರಕ್ತದೊತ್ತಡ ಹರೆಯದವರನ್ನೂ ಬಿಡುವುದಿಲ್ಲ.

ಕಾದ ಗಂಟೆಗಳು

ಎರಡನೆಯವರು ಟೆಡಿ ಬ್ರೂಸ್ಕಿ. ಅಮೆರಿಕನ್ ಫುಟ್‌ಬಾಲ್‌ನ ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ ತಂಡದ ಲೈನ್‌ಬ್ಯಾಕರ್. 2005ರ ಫೆಬ್ರವರಿ 6ರಂದು ಅವರ ತಂಡ ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಮರುವಾರ ಹವಾಯಿಯಲ್ಲಿ ಆಯ್ದ ಆಟಗಾರರ ಪ್ರೊ ಬೌಲ್ ಪಂದ್ಯ ಆಡಿ ಮನೆಗೆ ಮರಳಿದರು. ಅದಾಗಿ ಕೆಲವೇ ದಿನ, ಇನ್ನೂ ಬೆಳಕು ಹರಿಯುವ ಮೊದಲು ಎಚ್ಚರವಾದಾಗ ಎಡಗೈ, ಎಡಗಾಲು ಜೋಮು ಹಿಡಿದಿದ್ದವು, ತಲೆನೋವು ಇತ್ತು. ಮಲಗಿ ಎದ್ದರೆ ಸರಿಹೋಗುತ್ತದೆಂದು ಮತ್ತೆ ಮಲಗಿದರು. ಬೆಳಗಾದ ಮೇಲೆ ಎಡಗಡೆಯ ದೃಷ್ಟಿಯೇ ಮಾಯವಾಗಿದೆ ಎಂಬುದು ಅರಿವಿಗೆ ಬಂತು. ಎಡಪಕ್ಕದಿಂದ ಬಂದ ಮಗ ಅವರ ಕಣ್ಣಿಗೆ ಬೀಳಲಿಲ್ಲ. ಆಗ ಹೆಂಡತಿ ಆಂಬುಲೆನ್ಸ್ ಕರೆಸಿದರು. ಅವರಿಗಿನ್ನೂ 31 ವರ್ಷ. ಕಾರಣ ಇಲ್ಲೂ ಅದೇ ಪಿಎಫ್‌ಒ. ಮಾರ್ಚ್‌ನಲ್ಲಿ ತೊಡೆಯ ನಾಳದ ಮೂಲಕ ಪುಟ್ಟ ಸಾಧನವೊಂದನ್ನು ಕಳುಹಿಸಿ ರಂಧ್ರ ಮುಚ್ಚಿದರು.

ನಡುವೆ ಕಳೆದುಹೋದ ಆ ಗಂಟೆಗಳ ಬಗ್ಗೆ ಬ್ರೂಸ್ಕಿ ಆಮೇಲೆ ಹೋದಲ್ಲೆಲ್ಲ ಮಾತಾಡುತ್ತ ಬಂದಿದ್ದಾರೆ. ಮಾತಾಡಬೇಕಾದ್ದೇ. ದೊಡ್ಡ ನಾಳವೊಂದು ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ನರವಿಜ್ಞಾನಿಗಳ ಅಂದಾಜು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳದ ಹೆಪ್ಪನ್ನು ತಂತಿ ಹಾಕಿ ಎಳೆದು ತೆಗೆಯುವ ವಿಧಾನವಿದೆ. ಆಯ್ದ ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡಬಹುದು. ಆದರೆ ಬೇಗ ಮಾಡಿದಷ್ಟೂ ಉಳಿಯುವ ಮಿದುಳು ಹೆಚ್ಚು.

ಹರೆಯದವರು ತಡವಾಗಿ ಬರುವುದಕ್ಕೆ ಎರಡು ಕಾರಣ. ಒಂದು, ಅವರೇ ನಂಬುವುದಿಲ್ಲ. ನೋವು ನುಂಗಿಕೊಂಡು ಆಡುವುದನ್ನೇ ಗಂಡೆದೆ ಎಂದು ಕಲಿತ ಆಟಗಾರರಂತೂ ಇನ್ನೂ ನಂಬುವುದಿಲ್ಲ. ಎರಡು, ಸುತ್ತಲಿನವರೂ ನಂಬುವುದಿಲ್ಲ. ತಲೆಸುತ್ತನ್ನು ಬಿಸಿಲಿನ ಲೆಕ್ಕಕ್ಕೆ ಹಾಕುತ್ತಾರೆ, ತೊದಲನ್ನು ಕುಡಿತದ ಲೆಕ್ಕಕ್ಕೆ ಹಾಕುತ್ತಾರೆ, ಕೈ ಸೋಲುವುದನ್ನು ಆಯಾಸದ ಲೆಕ್ಕಕ್ಕೆ ಹಾಕುತ್ತಾರೆ. ಸುತ್ತಲಿನವರ ಈ ಅಪನಂಬಿಕೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಮೂರನೆಯವರ ಬದುಕೇ ಸಾಕ್ಷಿ.

ಯಾರೂ ನಂಬದ ಕೈ

ಜೆ.ಆರ್. ರಿಚರ್ಡ್ ಬೇಸ್‌ಬಾಲ್‌ನ ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವರು. ಆರಡಿ ಎಂಟಂಗುಲ ಎತ್ತರ. ಗಂಟೆಗೆ ಸುಮಾರು 160 ಕಿಲೋಮೀಟರ್ ವೇಗದಲ್ಲಿ ಎಸೆಯಬಲ್ಲವರು. 1978ರಲ್ಲಿ 303 ದಾಂಡಿಗರನ್ನು, 1979ರಲ್ಲಿ 313 ದಾಂಡಿಗರನ್ನು ಅವರು ಸ್ಟ್ರೈಕ್‌ಔಟ್ ಮಾಡಿದರು. 1980ರ ಜುಲೈ 8ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಆಲ್‌ಸ್ಟಾರ್ ಪಂದ್ಯದಲ್ಲಿ ನ್ಯಾಷನಲ್ ಲೀಗ್ ಪರ ಮೊದಲ ಎಸೆತ ಅವರದೇ.

ಆದರೆ ಆ ಬೇಸಿಗೆಯಿಡೀ ಅವರು ಒಂದೇ ದೂರು ಹೇಳುತ್ತಿದ್ದರು: ಕೈ ಸತ್ತಂತಾಗುತ್ತದೆ, ಬೆರಳುಗಳಲ್ಲಿ ಸ್ಪರ್ಶವಿಲ್ಲ. ಕೆಲವು ಪಂದ್ಯಗಳಲ್ಲಿ ಚೆನ್ನಾಗಿ ಎಸೆದು, ಇನ್ನು ಕೆಲವನ್ನು ಅರ್ಧಕ್ಕೇ ಬಿಟ್ಟು ಹೊರಬಂದರು. ಪತ್ರಿಕೆಗಳಲ್ಲಿ, ಪ್ರೇಕ್ಷಕರ ಸಾಲುಗಳಲ್ಲಿ ಮಾತು ಹಬ್ಬಿತು. ಸೋಮಾರಿ ಎಂದರು. ಹೊಸದಾಗಿ ತಂಡಕ್ಕೆ ಬಂದ ನೋಲನ್ ರಯಾನ್‌ಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಂಬಳ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚು ಎಂದರು. ನಾಟಕ ಎಂದರು. ಜುಲೈ 14ರ ಪಂದ್ಯದಲ್ಲಿ ಎದುರಿಗೆ ಕೂತ ಕ್ಯಾಚರ್‌ನ ಕೈಸನ್ನೆ ಕಾಣಲೂ ಅವರಿಗೆ ಕಷ್ಟವಾಯಿತು. ಅದೇ ಅವರ ಕೊನೆಯ ಪಂದ್ಯ. ತಿಂಗಳ ಕೊನೆಯಲ್ಲಿ ಆಸ್ಪತ್ರೆಯ ಪರೀಕ್ಷೆಯಲ್ಲಿ ಬಲಗೈಗೆ ರಕ್ತ ಒಯ್ಯುವ ನಾಳದಲ್ಲಿ ತಡೆಯಿರುವುದು ಕಂಡಿತು. ಆದರೂ ನಿಗಾದಲ್ಲಿ ಅಭ್ಯಾಸ ಮುಂದುವರಿಸಬಹುದೆಂದು ತೀರ್ಮಾನವಾಯಿತು. ಜುಲೈ 30ರಂದು ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಮೆಲ್ಲಗೆ ಚೆಂಡು ಎಸೆದು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಕುಸಿದು ಬಿದ್ದರು. ಆಗ ಅವರಿಗೆ 30 ವರ್ಷ.

ಕತ್ತಿನ ಬುಡದಲ್ಲಿ, ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಇರುವ ಇಕ್ಕಟ್ಟಿನ ಜಾಗದಲ್ಲಿ ಕೈಯ ರಕ್ತನಾಳ ಹಾದುಹೋಗುತ್ತದೆ. ಸಾವಿರಾರು ಸಲ ಕೈ ಎತ್ತಿ ಬೀಸಿ ಎಸೆಯುವವರಲ್ಲಿ ಎಲುಬು ಮತ್ತು ಸ್ನಾಯುಗಳ ನಡುವೆ ಆ ನಾಳ ಮತ್ತೆ ಮತ್ತೆ ನಜ್ಜಿ, ಒಳಗೆ ಹೆಪ್ಪು ಕಟ್ಟಬಹುದು. ಅದೇ ಬುಡದಿಂದ ಮಿದುಳಿಗೂ ಕವಲುಗಳು ಹೋಗುವುದರಿಂದ ಹೆಪ್ಪು ಹಿಂದಕ್ಕೆ ಬೆಳೆದರೆ ಅಪಾಯ ತಲೆಗೇರುತ್ತದೆ. ರಿಚರ್ಡ್‌ಗೆ ಆದದ್ದು ಅದೇ. ಅವರ ಎಡ ಮೈ ಸೋತಿತು. ಕೈ ಸತ್ತಂತಾಗಿದೆ ಎಂದು ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆ ಕೈಗೆ ರಕ್ತವೇ ಸರಿಯಾಗಿ ಹೋಗುತ್ತಿರಲಿಲ್ಲ.

ಕುಸಿದ ಮೇಲೆ ಸಹಾನುಭೂತಿ ಬಂತು, ಪಶ್ಚಾತ್ತಾಪದ ಮಾತುಗಳು ಬಂದವು. ಆದರೆ ಅವರು ದೊಡ್ಡ ಲೀಗ್‌ಗೆ ಮರಳಲಾಗಲಿಲ್ಲ. ಕೆಳ ಹಂತದ ತಂಡಗಳಲ್ಲಿ ಪ್ರಯತ್ನಿಸಿದರು, ಆಗಲಿಲ್ಲ. ವ್ಯವಹಾರಗಳು ಮುರಿದವು, ಸಂಸಾರ ಮುರಿಯಿತು. 1990ರ ದಶಕದ ನಡುವಿನಲ್ಲಿ, ಒಂದು ಕಾಲದಲ್ಲಿ ತಮ್ಮ ಹೆಸರು ಕೂಗಿದ ಅದೇ ಹ್ಯೂಸ್ಟನ್ ನಗರದ ಹೆದ್ದಾರಿ ಸೇತುವೆಯೊಂದರ ಕೆಳಗೆ ಅವರು ಮನೆಯಿಲ್ಲದೆ ಬದುಕುತ್ತಿದ್ದರು. ಆಮೇಲೆ ಚರ್ಚ್‌ನವರು ಮತ್ತು ಹಳೆಯ ಆಟಗಾರರ ನೆರವಿನಿಂದ ಮೇಲೆದ್ದು, ಧರ್ಮಬೋಧಕರಾಗಿ ಮನೆಯಿಲ್ಲದವರಿಗಾಗಿ ದುಡಿದರು. 2021ರ ಆಗಸ್ಟ್‌ನಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು.

ರಿಚರ್ಡ್ ಬದುಕಿನಲ್ಲಿ ಅಭಿಮಾನಿಗಳು ಎರಡು ಸಲ ಎಡವಿದರು. ನಂಬಬೇಕಾದಾಗ ನಂಬಲಿಲ್ಲ. ಆಟ ನಿಂತ ಮೇಲೆ ನೆನಪಿಡಲಿಲ್ಲ. ಬೆಂಬಲವೆಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಗೆದ್ದು ಮರಳಿದವರಿಗಿಂತ ರಿಚರ್ಡ್ ಅವರೇ.

ಹಾಗಾದರೆ ಬೆಂಬಲದಿಂದ ಏನು ಲಾಭ?

ಸ್ಟ್ರೋಕ್ ಆದವರ ಚೇತರಿಕೆ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮುಗಿಯುವುದಿಲ್ಲ, ಶುರುವಾಗುತ್ತದೆ. ಹಾಳಾದ ಭಾಗದ ಕೆಲಸವನ್ನು ಮಿದುಳಿನ ಬೇರೆ ಭಾಗಗಳು ನಿಧಾನಕ್ಕೆ ಕಲಿತುಕೊಳ್ಳುತ್ತವೆ. ಅದಕ್ಕೆ ಬೇಕಾದ್ದು ಬೇಸರ ತರುವಷ್ಟು ಪುನರಾವರ್ತನೆ: ಒಂದು ಬೆರಳು ಮಡಚುವುದು, ಒಂದು ಪದ ಸ್ಪಷ್ಟವಾಗಿ ಹೇಳುವುದು, ಹತ್ತು ಹೆಜ್ಜೆ ನೇರ ನಡೆಯುವುದು, ಮತ್ತೆ ಅದನ್ನೇ ಮಾಡುವುದು. ಹೆಚ್ಚಿನ ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಕಂಡರೂ ಅದು ವರ್ಷಗಟ್ಟಲೆ ಮುಂದುವರಿಯಬಲ್ಲದು. ಈ ದಾರಿಯಲ್ಲಿ ಸುಮಾರು ಮೂರರಲ್ಲಿ ಒಬ್ಬರನ್ನು ಖಿನ್ನತೆ ಕಾಡುತ್ತದೆ. ಖಿನ್ನತೆ ಬಂದವರು ವ್ಯಾಯಾಮ ಬಿಡುತ್ತಾರೆ, ಮಾತ್ರೆ ಬಿಡುತ್ತಾರೆ, ಜನರ ನಡುವೆ ಬರುವುದನ್ನೂ ಬಿಡುತ್ತಾರೆ. ಒಂಟಿಯಾದವರಿಗಿಂತ, ಜನ ಜೊತೆಗಿರುವವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ ಎಂಬುದು ವೈದ್ಯಲೋಕಕ್ಕೆ ಬಹಳ ಕಾಲದಿಂದ ಗೊತ್ತಿದೆ. ಬೆಂಬಲ ಕೆಲಸ ಮಾಡುವುದು ಇಲ್ಲಿ. ಅದು ರೋಗಿಯನ್ನು ನಾಳೆಯೂ ಆ ಬೆರಳು ಮಡಚುವಂತೆ ಮಾಡುತ್ತದೆ.

ಆಟಗಾರನಿಗೆ ಇನ್ನೊಂದು ಸಂಕಟವೂ ಇದೆ. ಹದಿನೈದು ಇಪ್ಪತ್ತು ವರ್ಷ ಮೈಯೇ ಅವನ ದುಡಿಮೆ, ಮೈಯೇ ಅವನ ಗುರುತು. ಅದು ಕೈಕೊಟ್ಟಾಗ ‘ನಾನೀಗ ಯಾರು?’ ಎಂಬ ಪ್ರಶ್ನೆ ಏಳುತ್ತದೆ. ‘ಆಡಿದರೂ ಆಡದಿದ್ದರೂ ನೀನು ನಮ್ಮವನೇ’ ಎಂದು ಸಾವಿರಾರು ಜನ ತೋರಿಸಿಕೊಟ್ಟರೆ ಆ ಪ್ರಶ್ನೆಯ ಭಾರ ಕಡಿಮೆಯಾಗುತ್ತದೆ.

ಪಿಟ್ಸ್‌ಬರ್ಗ್‌ನ ಜನಕ್ಕೆ ಇದು ಹೊಸದಲ್ಲ. ಅವರ ಮಹಾನ್ ಆಟಗಾರ ಮಾರಿಯೊ ಲೆಮ್ಯೂ ಅವರಿಗೆ 1993ರಲ್ಲಿ, 27ನೇ ವಯಸ್ಸಿನಲ್ಲಿ ಹಾಜ್‌ಕಿನ್ಸ್ ಎಂಬ ಕ್ಯಾನ್ಸರ್ ಬಂತು. ವಿಕಿರಣ ಚಿಕಿತ್ಸೆಯ ಕೊನೆಯ ಸುತ್ತು ಮುಗಿದದ್ದು ಮಾರ್ಚ್ 2ರಂದು. ಅದೇ ದಿನ ವಿಮಾನ ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗಿ ಆಡಿದರು. ಫಿಲಡೆಲ್ಫಿಯಾ ಪೆಂಗ್ವಿನ್ಸ್‌ನ ಕಡು ವೈರಿ ತಂಡದ ಊರು. ಎದುರಾಳಿಗಳನ್ನು ಹೂಂಕರಿಸಿ ಬೆದರಿಸುವುದಕ್ಕೇ ಹೆಸರಾದ ಪ್ರೇಕ್ಷಕರು. ಅವರೇ ಎದ್ದು ನಿಂತು ಲೆಮ್ಯೂಗೆ ಚಪ್ಪಾಳೆ ತಟ್ಟಿದರು. ಮುಂದೆ ಲೆಮ್ಯೂ ಪೆಂಗ್ವಿನ್ಸ್ ತಂಡದ ಒಡೆಯರಲ್ಲೊಬ್ಬರಾದರು; ಲೆಟ್ಯಾಂಗ್‌ಗೆ ಸ್ಟ್ರೋಕ್ ಆದಾಗ ಅವರೇ ಆ ಸ್ಥಾನದಲ್ಲಿದ್ದರು. ಕಾಯಿಲೆ ಬಿದ್ದ ಆಟಗಾರನಿಗೆ ಕಾಯುವುದನ್ನು ಪಿಟ್ಸ್‌ಬರ್ಗ್ ಇಪ್ಪತ್ತು ವರ್ಷ ಮೊದಲೇ ಕಲಿತಿತ್ತು.

ಲೆಟ್ಯಾಂಗ್ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಂಡು ವಿಶ್ರಾಂತಿಯಲ್ಲಿದ್ದರು. ಅಂಥ ಔಷಧಿಯಲ್ಲಿ ಇರುವಾಗ ಮೈಗೆ ಮೈ ಡಿಕ್ಕಿಯಾಗುವ ಆಟ ಆಡುವಂತಿಲ್ಲ, ಸಣ್ಣ ಪೆಟ್ಟೂ ಒಳಗೆ ರಕ್ತಸ್ರಾವ ತರಬಹುದು. 2014ರ ಏಪ್ರಿಲ್ 9ರಂದು ಅವರು ಮತ್ತೆ ಆಡಿದರು. 2016 ಮತ್ತು 2017ರಲ್ಲಿ ಇನ್ನೆರಡು ಸ್ಟ್ಯಾನ್ಲಿ ಕಪ್ ಗೆದ್ದ ತಂಡಗಳಲ್ಲೂ ಇದ್ದರು. 2022ರ ನವೆಂಬರ್ 28ರಂದು, 35ನೇ ವಯಸ್ಸಿನಲ್ಲಿ ಎರಡನೇ ಸ್ಟ್ರೋಕ್ ಆಯಿತು. ಈ ಸಲ ಅವರು ಕಾಯಲಿಲ್ಲ. ಲಕ್ಷಣ ಕಂಡೊಡನೆ ತಂಡದ ವೈದ್ಯರಿಗೆ ಹೇಳಿದರು, ಕೂಡಲೇ ಪರೀಕ್ಷೆಗಳಾದವು. ಮೊದಲಿನಷ್ಟು ತೀವ್ರವಾಗಿರದ ಆ ಸ್ಟ್ರೋಕ್‌ನಿಂದ ಚೇತರಿಸಿಕೊಂಡು, ವೈದ್ಯರ ಒಪ್ಪಿಗೆಯ ಮೇಲೆ ಡಿಸೆಂಬರ್ 10ರಂದು ಮರಳಿದರು. ಛಲ ಮತ್ತು ಆಟದ ಮೇಲಿನ ನಿಷ್ಠೆಗಾಗಿ ಕೊಡುವ ಬಿಲ್ ಮಾಸ್ಟರ್‌ಟನ್ ಪ್ರಶಸ್ತಿ 2023ರಲ್ಲಿ ಅವರಿಗೆ ಬಂತು. 2025ರ ಏಪ್ರಿಲ್‌ನಲ್ಲಿ ಆ ರಂಧ್ರವನ್ನೂ ಮುಚ್ಚಿಸಿಕೊಂಡರು. ಅವರಿಗೆ ಮೊದಲ ಸ್ಟ್ರೋಕ್ ಆದಾಗ ರಂಧ್ರ ಮುಚ್ಚುವುದರಿಂದ ನಿಜಕ್ಕೂ ಲಾಭವಿದೆಯೇ ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿರಲಿಲ್ಲ. ಬೇರೆ ಕಾರಣ ಕಾಣದ ಸ್ಟ್ರೋಕ್ ಆದ ಅರುವತ್ತರ ಒಳಗಿನವರಲ್ಲಿ, ಆಯ್ದ ರೋಗಿಗಳಿಗೆ ಇದು ಮರುಸ್ಟ್ರೋಕ್ ತಗ್ಗಿಸುತ್ತದೆ ಎಂಬುದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳಿಂದ ಗಟ್ಟಿಯಾಯಿತು.

ಬ್ರೂಸ್ಕಿ 2005ರ ಅಕ್ಟೋಬರ್ 30ರಂದು ತಮ್ಮ ತವರಿನ ಮೈದಾನಕ್ಕೆ ಮರಳಿದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಆದರೆ ಅವರು ಮರಳಬಾರದೆಂದು ಕಳವಳದಿಂದ ಹೇಳಿದವರೂ ಬಹಳ ಮಂದಿ. ಅದೂ ಪ್ರೀತಿಯೇ. ಅದೇ ವರ್ಷ ಅವರು ಟೆಡೀಸ್ ಟೀಮ್ ಎಂಬ ಓಟಗಾರರ ಗುಂಪು ಕಟ್ಟಿದರು. ಸ್ಟ್ರೋಕ್‌ನಿಂದ ಬದುಕಿ ಉಳಿದವರು, ಅವರ ಮನೆಯವರು ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿ, ಸ್ಟ್ರೋಕ್ ತಿಳಿವಳಿಕೆಗಾಗಿ ಹಣ ಕೂಡಿಸುತ್ತಾರೆ. ಕ್ರೀಡಾಂಗಣದ ಕೂಗು ಒಂದು ಸಂಜೆಗೆ ಮುಗಿಯುತ್ತದೆ. ಈ ಓಟ ವರ್ಷ ವರ್ಷವೂ ನಡೆಯುತ್ತ ಬಂದಿದೆ.

ಅಭಿಮಾನ ಹೀಗೆ ಕೆಲಸವಾಗಿ ಬದಲಾಗುವುದನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದೇವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡರು. ಅವರದೂ ವ್ಯಾಯಾಮದಲ್ಲಿ ಪಳಗಿದ ಮೈ. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ಜನ ಊರೂರಿನಲ್ಲಿ ಸಾಲುಗಟ್ಟಿದರು. ದುಃಖವನ್ನು ಇನ್ನೊಬ್ಬರ ಉಪಯೋಗಕ್ಕೆ ತಿರುಗಿಸುವ ಗುಣ ನಮ್ಮ ಅಭಿಮಾನಿಗಳಲ್ಲಿದೆ. ಲಕ್ವದ ವಿಷಯದಲ್ಲೂ ಅದು ಆಗಬೇಕು.

ನೋವು ಕೊಡುವ ಬೆಂಬಲ

ಪ್ರೀತಿಯಿಂದಲೇ ಮಾಡಿದರೂ ಕೆಲವು ಕೆಲಸ ರೋಗಿಗೆ ಭಾರ. ‘ಯಾವಾಗ ವಾಪಸ್?’ ಎಂದು ದಿನಾ ಕೇಳುವುದು ಅದರಲ್ಲಿ ಮೊದಲನೆಯದು. ತಾರೀಕು ಗೊತ್ತುಮಾಡುವುದು ನರರೋಗ ತಜ್ಞರು ಮತ್ತು ಹೃದ್ರೋಗ ತಜ್ಞರು, ಟಿಕೆಟ್ ಕೊಂಡವರಲ್ಲ. ಎರಡನೆಯದು ಗಾಳಿಮಾತು. ಔಷಧಿ ತಗೊಂಡಿದ್ದನಂತೆ, ಕುಡಿಯುತ್ತಿದ್ದನಂತೆ, ಲಸಿಕೆಯಿಂದ ಆಯಿತಂತೆ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುವ ಪ್ರತಿ ಮಾತೂ ಆ ಮನೆಯವರ ಫೋನಿಗೂ ತಲುಪುತ್ತದೆ. ಮೂರನೆಯದು ಆಸ್ಪತ್ರೆಯ ಹಾಸಿಗೆಯ ಫೋಟೊ.

ಇನ್ನೊಂದು ಮಾತು ಕೇಳಲು ಹಿತವಾಗಿದ್ದರೂ ನನಗೆ ಒಪ್ಪಿಗೆಯಾಗದ್ದು: ‘ಅವನು ಹೋರಾಟಗಾರ, ಅದಕ್ಕೇ ಗೆದ್ದ.’ ಹಾಗಾದರೆ ರಿಚರ್ಡ್ ಹೋರಾಡಲಿಲ್ಲವೇ? ಲೆಟ್ಯಾಂಗ್ ಮರಳಿದ್ದಕ್ಕೂ ರಿಚರ್ಡ್ ಮರಳದಿದ್ದಕ್ಕೂ ನಡುವಿನ ವ್ಯತ್ಯಾಸ ಛಲದ್ದಲ್ಲ. ಹೆಪ್ಪು ಎಲ್ಲಿ ಸಿಕ್ಕಿಕೊಂಡಿತು, ಎಷ್ಟು ದೊಡ್ಡದಿತ್ತು, ಎಷ್ಟು ಹೊತ್ತು ಮಿದುಳಿಗೆ ರಕ್ತ ತಪ್ಪಿತು, ಯಾವ ಕಾಲದ ವೈದ್ಯಕೀಯ ಸಿಕ್ಕಿತು ಇವೇ ಬಹುಪಾಲನ್ನು ನಿರ್ಧರಿಸುತ್ತವೆ. ನಮ್ಮ ಊರುಗಳಲ್ಲಿ ಲಕ್ವ ಹೊಡೆದು ಜಗುಲಿಯಲ್ಲಿ ಕೂತ ಎಷ್ಟೋ ಅಣ್ಣಂದಿರು, ಅಕ್ಕಂದಿರು ದಿನಾ ಮಾಡುವ ಪ್ರಯತ್ನ ಯಾವ ಚಾಂಪಿಯನ್‌ಗೂ ಕಡಿಮೆಯದಲ್ಲ. ಮರಳಿ ಆಡಿದವರನ್ನು ಹೊಗಳುವಾಗ ಇವರಿಗೆ ನೋವಾಗದಂತೆ ಮಾತಾಡೋಣ.

ನಿಮ್ಮ ಮೈದಾನದಲ್ಲಿ

ನೀವು ಹುಡುಗರಿಗೆ ಆಟ ಹೇಳಿಕೊಡುವವರು. ಅವರ ಮಾತು ಮೊದಲು ಬೀಳುವುದು ನಿಮ್ಮ ಕಿವಿಗೆ. ಎಲ್ಲರ ಹೃದಯವನ್ನೂ ರಂಧ್ರಕ್ಕಾಗಿ ಸ್ಕ್ಯಾನ್ ಮಾಡಿಸಬೇಕಿಲ್ಲ, ಅದನ್ನು ವೈದ್ಯರೂ ಹೇಳುವುದಿಲ್ಲ. ಲಕ್ಷಣಗಳನ್ನು ಮಾತ್ರ ಪ್ರತಿಯೊಬ್ಬರಿಗೂ ಬಾಯಿಪಾಠ ಮಾಡಿಸಿ. ಹಠಾತ್ತನೆ ಮೈ ಒಂದು ಕಡೆ ಓಲುವುದು, ಒಂದು ಕಣ್ಣು ಅಥವಾ ಒಂದು ಪಕ್ಕದ ನೋಟ ಹೋಗುವುದು, ನಕ್ಕಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಎರಡೂ ಕೈ ಎತ್ತಿದಾಗ ಒಂದು ಇಳಿಬೀಳುವುದು, ಮಾತು ತೊದಲುವುದು ಅಥವಾ ಅರ್ಥವಾಗದಿರುವುದು, ಹಿಂದೆಂದೂ ಬಾರದಂಥ ಭಯಂಕರ ತಲೆನೋವು. ಇವುಗಳಲ್ಲಿ ಒಂದು ಕಂಡರೂ ಸಾಕು. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಬಿಡಬೇಡಿ, ಅದು ದೊಡ್ಡ ಸ್ಟ್ರೋಕ್‌ನ ಮುನ್ಸೂಚನೆ ಇರಬಹುದು.

108ಕ್ಕೆ ಕರೆ ಮಾಡಿ, ‘ಸ್ಟ್ರೋಕ್ ಇರಬಹುದು’ ಎಂದೇ ಹೇಳಿ. ಕೊನೆಯ ಸಲ ಹುಡುಗ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ. ಚುಚ್ಚುಮದ್ದು ಕೊಡಬಹುದೇ ಎಂದು ವೈದ್ಯರು ನಿರ್ಧರಿಸುವುದು ಅದರ ಮೇಲೆ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನೇರ ಹೋಗಿ. ನಿಮ್ಮ ಸುತ್ತಲಲ್ಲಿ ಅಂಥದ್ದು ಎಲ್ಲಿದೆ, ಎಷ್ಟು ದೂರ ಎಂಬುದನ್ನು ಇವತ್ತೇ ವಿಚಾರಿಸಿಟ್ಟುಕೊಳ್ಳಿ. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಆಸ್ಪಿರಿನ್ ಕೂಡ ಬೇಡ. ಒಳಗೆ ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂಬುದು ಸ್ಕ್ಯಾನ್ ಆಗದೆ ಯಾರಿಗೂ ಗೊತ್ತಾಗುವುದಿಲ್ಲ. ಲಕ್ವಕ್ಕೆ ಔಷಧಿ ಕೊಡುವವರಿದ್ದಾರೆಂದು ದೂರದ ಹಳ್ಳಿಗೆ ಹುಡುಗನನ್ನು ಕರೆದುಕೊಂಡು ಹೋಗುವವರನ್ನು ಕೈಮುಗಿದಾದರೂ ತಡೆಯಿರಿ. ಆ ಪ್ರಯಾಣದಲ್ಲಿ ಕಳೆದುಹೋಗುವ ನಾಲ್ಕು ಗಂಟೆ ಮತ್ತೆ ಬರುವುದಿಲ್ಲ.

ಹುಡುಗ ಉಳಿದು ಮನೆಗೆ ಬಂದ ಮೇಲೆ ತಂಡದವರ ಸರದಿ. ಮೊದಲ ವಾರ ಎಲ್ಲರೂ ಹೋಗುತ್ತಾರೆ. ಆರನೇ ತಿಂಗಳಲ್ಲಿ ಹೋಗುವವರು ಬೇಕು. ಫಿಸಿಯೋಥೆರಪಿಗೆ ಗಾಡಿಯಲ್ಲಿ ಕರೆದೊಯ್ಯಲು ಒಬ್ಬ, ಮಾತಿನ ಅಭ್ಯಾಸಕ್ಕೆ ಜೊತೆ ಕೂರಲು ಒಬ್ಬ, ಮನೆಯ ಖರ್ಚು ವಿಚಾರಿಸಲು ಒಬ್ಬ ಎಂದು ಹಂಚಿಕೊಳ್ಳಿ. ಮತ್ತೆ ರೇಡ್‌ಗೆ ಹೋಗಲಾಗದಿದ್ದರೆ ಅಂಕ ಬರೆಯಲಿ, ಚಿಕ್ಕವರಿಗೆ ಹೇಳಿಕೊಡಲಿ. ಅವನ ಹೆಸರು ತಂಡದ ಪಟ್ಟಿಯಲ್ಲಿ ಇರಲಿ.

ಅಭಿಮಾನಿಗಳ ಬೆಂಬಲದಿಂದಲೇ ಗುಣವಾದರು ಎಂಬ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಜೀವ ಉಳಿಸುವುದು ಬೇಗ ಸಿಕ್ಕ ಚಿಕಿತ್ಸೆ. ಉಳಿದ ಜೀವಕ್ಕೆ ಬದುಕುವ ಮನಸ್ಸು ಕೊಡುವುದು ಜನ. ಇವೆರಡೂ ಶುರುವಾಗುವುದು ಒಂದೇ ಜಾಗದಿಂದ: ‘ಕೈ ಯಾಕೋ ಜೋಮು ಹಿಡೀತಿದೆ ಸರ್’ ಎಂದು ಹುಡುಗ ಹೇಳಿದಾಗ ‘ನಾಟಕ ಮಾಡಬೇಡ, ಆಡು’ ಎನ್ನದೆ, ಆಟ ನಿಲ್ಲಿಸಿ ಅವನ ಮಾತು ಕೇಳುವ ಗುರುವಿನಿಂದ.